ಕಬ್ಬಿನ ಬಿಲ್ಲು ವಿಚಾರಿಸುವವರು ಕಂಪನಿಯನ್ನೂ ವಿಚಾರಿಸಲಿ

ಮುಧೋಳ, ಜಮಖಂಡಿ ಕಡೆಯ ರೈತರು ಕಾರ್ಖಾನೆಗೆ ಕಬ್ಬು ಕಳಿಸುವ ಮೊದಲು ಹಿಂದಿನ ಹಂಗಾಮಿನ ಬಿಲ್ಲು ಸಂದಾಯವಾಗಿದೆಯೇ ಎಂದು ನಾಲ್ಕು ಕಡೆ ವಿಚಾರಿಸುತ್ತಾರೆ. 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಆದೇಶವನ್ನು ಓದದವರಿಗೂ ಯಾವ ಕಾರ್ಖಾನೆ ಬಾಕಿ ಉಳಿಸಿಕೊಂಡಿದೆ ಎಂಬುದು ಬಾಯಿಪಾಠ. ಅದೇ ಮನೆಯ ಮಗ ಬೆಂಗಳೂರಿನಿಂದಲೋ ಪುಣೆಯಿಂದಲೋ ಆಫರ್ ಲೆಟರ್ ತಂದರೆ ಮಾತ್ರ ಪೇಢೆ ಹಂಚಿ ಸುಮ್ಮನಾಗುತ್ತಾರೆ. ಕೆಲಸ ಕೊಡುವವರನ್ನೇ ಅನುಮಾನಿಸುವುದೇ ಎಂಬ ಸಂಕೋಚ. ಈ ಸಂಕೋಚ ನನಗೆ ಸಿಟ್ಟು ತರಿಸುತ್ತದೆ.

ಈಚೆಗೆ ನನ್ನ ಅಕ್ಕನ ಮಗಳಿಗೆ ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರಿಂದ ಪತ್ರ ಬಂತು. "ಮಾಮಾ, ವೆಬ್‌ಸೈಟ್ ತುಂಬಾ ಚೆನ್ನಾಗಿದೆ" ಎಂದಳು. ವೆಬ್‌ಸೈಟ್ ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುತ್ತದೆ. ಪತ್ರದ ತಲೆಬರಹದಲ್ಲಿ ಸಿಐಎನ್ ಎಂಬ 21 ಅಕ್ಷರ-ಅಂಕಿಗಳ ಕಂಪನಿ ನೋಂದಣಿ ಸಂಖ್ಯೆಯಿತ್ತು. ಕಂಪನಿಗಳು ಅದನ್ನು ಮುದ್ರಿಸಲೇಬೇಕೆಂಬ ಕಾನೂನಿದೆ. ಮೊದಲ ಅಕ್ಷರ ಎಲ್ ಇದ್ದರೆ ಷೇರುಪೇಟೆಯಲ್ಲಿರುವ ಕಂಪನಿ, ಯು ಇದ್ದರೆ ಅಲ್ಲ. ನಡುವೆ ರಾಜ್ಯದ ಗುರುತು, ಆಮೇಲೆ ಹುಟ್ಟಿದ ವರ್ಷ. ಪತ್ರದಲ್ಲಿ "ಎರಡು ದಶಕಗಳ ಅನುಭವ" ಎಂದಿತ್ತು, ಸಂಖ್ಯೆಯೊಳಗೆ 2019 ಎಂದಿತ್ತು. ಹೊಸ ಕಂಪನಿಯಾಗಿರುವುದು ತಪ್ಪಲ್ಲ, ಸುಳ್ಳು ಹೇಳುವುದು ತಪ್ಪು.

ಆಮೇಲೆ ನೌಕರರ ಭವಿಷ್ಯನಿಧಿ (ಪಿಎಫ್) ನೋಡಿಕೊಳ್ಳುವ ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದೆವು. ಇದು ಬಹಳ ಜನರಿಗೆ ಗೊತ್ತಿಲ್ಲ: ಯಾವ ತಿಂಗಳ ಸಂಬಳಕ್ಕೆ, ಎಷ್ಟು ನೌಕರರ ಹೆಸರಿನಲ್ಲಿ, ಯಾವ ದಿನ ಭವಿಷ್ಯನಿಧಿ ಕಟ್ಟಿದ್ದಾರೆ ಎಂಬುದನ್ನು ಅಲ್ಲಿ ಯಾರು ಬೇಕಾದರೂ ನೋಡಬಹುದು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಇನ್ನೂರು ಜನರ ಕಂಪನಿ ಎಂದವರು ಕಟ್ಟಿದ್ದು ನಲವತ್ತೊಂದು ಜನರಿಗೆ. ಮುಂದೆ ಆ ಸಂಖ್ಯೆ ಇಳಿಯುತ್ತ ಬಂದಿತ್ತು. ಮೂರು ತಿಂಗಳು ಏನೂ ಇಲ್ಲ, ನಂತರ ಮೂರು ತಿಂಗಳದ್ದೂ ಒಂದೇ ದಿನ. ನೌಕರರ ಹಣವನ್ನೇ ತಡೆಹಿಡಿಯುವವರ ಕೈಯಲ್ಲಿ ಸಂಬಳಕ್ಕೆ ದುಡ್ಡಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ. ಅವಳು ಎಚ್‌ಆರ್ ಅಧಿಕಾರಿಗೆ ನೇರವಾಗಿ ಕೇಳಿದಳು. ಸೋಮವಾರವೇ ಬಂದು ಸೇರದಿದ್ದರೆ ಪತ್ರ ರದ್ದು ಎಂಬ ಉತ್ತರ ಬಂತು. ಹೋಗಲಿಲ್ಲ.

ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿದರೆ ಕಂಪನಿಯ ಬ್ಯಾಲೆನ್ಸ್ ಶೀಟನ್ನೂ ತೆರೆದು ನೋಡಬಹುದು. ಆಸ್ತಿಯ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂಬುದೂ ಅಲ್ಲಿರುತ್ತದೆ. ಸಾಲ ಕಂಡ ಕೂಡಲೇ ಹೆದರಬೇಕಿಲ್ಲ, ಯಂತ್ರ ಕೊಳ್ಳಲು ಎಲ್ಲರೂ ಸಾಲ ಮಾಡುತ್ತಾರೆ. ವರ್ಷದಿಂದ ವರ್ಷಕ್ಕೆ ನಷ್ಟ, ಅದರ ಮೇಲೆ ಹೊಸ ಸಾಲ, ಲೆಕ್ಕಪತ್ರ ಸಲ್ಲಿಸದಿರುವುದು ಇವು ಮೂರೂ ಸೇರಿದರೆ ಹೆದರಲೇಬೇಕು.

ಬೆಳಗಾವಿಯ ಉದ್ಯಮಬಾಗದಲ್ಲಿ ಒಬ್ಬರೇ ಮಾಲೀಕರಿರುವ ಸಣ್ಣ ಫೌಂಡ್ರಿ ಈ ಜಾಲತಾಣದಲ್ಲಿ ಸಿಗುವುದಿಲ್ಲ. ಅಲ್ಲಿ ಜಿಎಸ್‌ಟಿ ಸಂಖ್ಯೆ ಕೇಳಿ. ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ, ರಿಟರ್ನ್ ಸಲ್ಲಿಸುತ್ತಿದ್ದಾರೋ ಇಲ್ಲವೋ ತಿಳಿಯುತ್ತದೆ. ಅದಕ್ಕಿಂತ ಪಾಳಿ ಬಿಡುವ ಹೊತ್ತಿಗೆ ಎದುರಿನ ಚಹಾ ಅಂಗಡಿಯಲ್ಲಿ ನಿಂತು "ಅಣ್ಣಾ, ಪಗಾರ ಎಷ್ಟನೇ ತಾರೀಖಿಗೆ ಆಗುತ್ತದೆ?" ಎಂದು ಕೇಳುವುದು ಇನ್ನೂ ಒಳ್ಳೆಯದು. ಡಿಪಾಸಿಟ್, ತರಬೇತಿ ಶುಲ್ಕ ಎಂದು ಹಣ ಕೇಳಿದವರ ಬಳಿ ಮಾತು ಮುಂದುವರಿಸಬೇಡಿ. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬಡವರ ಮಕ್ಕಳಿಗೆ ಆರಿಸಿಕೊಳ್ಳುವ ಅನುಕೂಲ ಎಲ್ಲಿದೆ ಎಂದು ಸ್ನೇಹಿತರೊಬ್ಬರು ಕೇಳಿದರು. ಸಾಲ ತಂದು ಪುಣೆಯಲ್ಲಿ ಕೋಣೆ ಹಿಡಿಯುವವರು ಅವರೇ. ಸಂಬಳ ನಿಂತರೆ ಮೊದಲು ಮುಳುಗುವವರೂ ಅವರೇ. ಆದ್ದರಿಂದ ಈ ಭಾರವನ್ನೆಲ್ಲ ಹುಡುಗರ ಮೇಲೆಯೇ ಹಾಕಬಾರದು. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು ನಮ್ಮ ಬೆಳಗಾವಿಯಲ್ಲೇ ಇದೆ. ಕ್ಯಾಂಪಸ್ ಸಂದರ್ಶನಕ್ಕೆ ಬರುವ ಪ್ರತಿ ಕಂಪನಿಯ ಸಿಐಎನ್ ಸಂಖ್ಯೆ ಮತ್ತು ಕಳೆದ ಒಂದು ವರ್ಷದ ಪಿಎಫ್ ಪಾವತಿಯ ವಿವರವನ್ನು ಕಾಲೇಜುಗಳು ಮೊದಲೇ ಸೂಚನಾ ಫಲಕದಲ್ಲಿ ಹಾಕಬೇಕೆಂದು ಅದು ಸುತ್ತೋಲೆ ಹೊರಡಿಸಲಿ. ಪ್ಲೇಸ್‌ಮೆಂಟ್ ಅಧಿಕಾರಿಗೆ ಅದು ಅರ್ಧ ಗಂಟೆಯ ಕೆಲಸ.