ಚೀಟಿ ಕಟ್ಟಲು ಹೋದದ್ದು

ನಮ್ಮ ಕಾಲದ ಹುಡುಗರಿಗೆ ಎಂಎಸ್‌ಐಎಲ್ ಅಂದರೆ ನೋಟ್‌ಬುಕ್. ಜೂನ್ ಬಂತೆಂದರೆ ಅಪ್ಪ ತರುತ್ತಿದ್ದ ‘ಲೇಖಕ್’ ಪುಸ್ತಕಗಳನ್ನು ಮೂಗಿಗೆ ಹಿಡಿದು ಮೂಸಿ, ಖಾಕಿ ಬೈಂಡು ಹಾಕಿ, ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ’ ಬರೆದವರು ನಾವು. ಈಗ ಅದೇ ಬೋರ್ಡಿನ ಕೆಳಗೆ ನಿಂತರೆ ಮೂಗಿಗೆ ಬಡಿಯುವ ವಾಸನೆಯೇ ಬೇರೆ. 1966ರಲ್ಲಿ ಹುಟ್ಟಿದ ಈ ಸರ್ಕಾರಿ ಕಂಪನಿ ನೋಟ್‌ಬುಕ್ಕೂ ಮಾರುತ್ತದೆ, ಚೀಟಿಯೂ ನಡೆಸುತ್ತದೆ, ಬ್ರಾಂದಿಯನ್ನೂ ಕೊಡುತ್ತದೆ. ಓದಿದವನು ದುಡಿದು, ಉಳಿಸಿ, ಕೊನೆಗೆ ಎಲ್ಲಿಗೆ ಬರುತ್ತಾನೆ ಅಂತ ಅವರಿಗೆ ಮೊದಲೇ ಗೊತ್ತಿತ್ತೇನೋ.

ಖಾಸಗಿ ವೈನ್ ಶಾಪಿನಲ್ಲಿ ಗಿರಾಕಿಗೆ ಅಳಿಯನ ಮರ್ಯಾದೆ. ‘ಬನ್ನಿ ಅಣ್ಣ, ಅದೇ ಕೊಡ್ಲಾ?’ ಅನ್ನುತ್ತಾರೆ. ಆ ಅಕ್ಕರೆಯ ಬಾಬ್ತು ಐದೋ ಹತ್ತೋ ಜಾಸ್ತಿ. ಕೇಳಿದರೆ ‘ಕೂಲಿಂಗ್ ಚಾರ್ಜು ಅಣ್ಣ’ ಅಂತಾರೆ, ಬಾಟಲಿ ಬಾಣಂತಿಯ ಸ್ನಾನದ ನೀರಿನಷ್ಟು ಬೆಚ್ಚಗಿದ್ದರೂ. ಸರ್ಕಾರಿ ಅಂಗಡಿಯಲ್ಲಿ ಅಣ್ಣನೂ ಇಲ್ಲ, ತಮ್ಮನೂ ಇಲ್ಲ, ಎಂಆರ್‌ಪಿ ಮಾತ್ರ. ಕಂಬಿಯ ಕಿಂಡಿಯೊಳಗೆ ನೋಟು ತೂರಿಸಿ ‘ಒಂದು ನೈಂಟಿ’ ಅಂದರೆ, ಪಡಿತರದ ಅಕ್ಕಿ ಅಳೆಯುವ ಮುಖದಲ್ಲೇ ಟೆಟ್ರಾ ಪ್ಯಾಕು ಈಚೆ ಬರುತ್ತದೆ. ಅಲ್ಲೇ ನಿಂತು ಏರಿಸುವ ಹಾಗಿಲ್ಲ. ಪರಮಾತ್ಮನನ್ನು ಹಳೇ ಪೇಪರಿನಲ್ಲಿ ಸುತ್ತಿ, ಲುಂಗಿಯ ಸೊಂಟಕ್ಕೆ ಸಿಕ್ಕಿಸಿಕೊಂಡು ಜಾಗ ಖಾಲಿ ಮಾಡಬೇಕು. ನನಗಂತೂ ಈ ನಿರ್ಲಿಪ್ತತೆಯೇ ಇಷ್ಟ. ಕುಡಿಯುವವನಿಗೆ ಉಪಚಾರ ಯಾಕೆ ಹೇಳಿ?

ಸರ್ಕಾರದ ಪಾಡೂ ಪಾಪ. ಪಾನನಿಷೇಧಕ್ಕೆ ಪ್ರಯತ್ನಿಸು ಅಂತ ಸಂವಿಧಾನದ 47ನೇ ವಿಧಿ ಹೇಳುತ್ತದೆ. 2007ರ ಜುಲೈನಲ್ಲಿ ಸಾರಾಯಿಯನ್ನು ನಿಲ್ಲಿಸಿದ್ದೂ ಆಯಿತು. ಕುಡಿಯಬೇಡಿ ಅಂತ ಬುದ್ಧಿ ಹೇಳಲು ಮದ್ಯಪಾನ ಸಂಯಮ ಮಂಡಳಿಯೇ ಇದೆ. ಅಬಕಾರಿ ದುಡ್ಡು ಬಾರದಿದ್ದರೆ ಮಾತ್ರ ಖಜಾನೆಗೆ ಕೈ ನಡುಕ ಶುರುವಾಗುತ್ತದೆ. ಅನ್ನ ಬಡಿಸುತ್ತಲೇ ‘ಎಷ್ಟು ತಿಂತೀಯೋ, ಏಳು’ ಅನ್ನುವ ಸೋದರತ್ತೆಯ ಹಾಗೆ.

2020ರ ಮೇ 4ನ್ನು ಮರೆಯುವುದುಂಟೆ? ಲಾಕ್‌ಡೌನಿನಲ್ಲಿ ನಲವತ್ತು ದಿನ ಮುಚ್ಚಿದ್ದ ಬಾಗಿಲು ತೆರೆದಾಗ, ಬಸ್ಸಿಗೆ ಎಂದೂ ಕ್ಯೂ ನಿಲ್ಲದ ಜನ ಬೆಳಗಿನ ಜಾವವೇ ಗುರುತು ಹಾಕಿದ ವೃತ್ತದೊಳಗೆ ಚಪ್ಪಲಿ ಬಿಟ್ಟು ಜಾಗ ಹಿಡಿದಿದ್ದರು. ಕೆಲವು ಕಡೆ ಬಾಗಿಲಿಗೆ ಪೂಜೆಯೂ ಆಯಿತು.

ಹೋದ ಆಷಾಢದ ಒಂದು ಸಂಜೆ ಜಿಟಿಜಿಟಿ ಮಳೆ. ನಾನೂ ಸಾಲಿನಲ್ಲಿದ್ದೆ. ಮುಂದಿನವರ ಕೊಡೆ ಮಡಚಿಕೊಂಡಿತು. ನೋಡಿದರೆ ನಮ್ಮ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು! ಮಗ್ಗಿ ತಪ್ಪಿದರೆ ಕಿವಿ ಹಿಂಡುತ್ತಿದ್ದವರು. ನನ್ನ ಕೈ ತಾನಾಗಿ ಕಿವಿಗೆ ಹೋಯಿತು. ಅವರೇ ಸಾವರಿಸಿಕೊಂಡರು:

‘ಚೀಟಿ ಕಟ್ಟೋಣ ಅಂತ ಬಂದೆ ಕಣಯ್ಯಾ.’

‘ನಾನೂ ಅದಕ್ಕೇ ಸಾರ್.’

‘ಹೂಂ, ಉಳಿತಾಯ ಒಳ್ಳೇದು.’

ಅಷ್ಟರಲ್ಲಿ ಕಿಂಡಿಯ ಒಳಗಿನಿಂದ ಕೂಗು ಬಂತು: ‘ಮೇಷ್ಟ್ರೇ, ದಿನಾ ತಗೊಳ್ಳೋದೇ ತಾನೇ?’

ಮೇಷ್ಟ್ರು ಕೊಡೆಯನ್ನು ಅಗಲವಾಗಿ ಬಿಚ್ಚಿ ನನಗೆ ಅಡ್ಡ ಹಿಡಿದರು.