ಆ ಬಾಗಿದ ಗೆರೆಗಳನ್ನು ದೋಷ ಅನ್ನಬೇಡಿ

ಈಗಷ್ಟೇ ಒಂದು ವಿಡಿಯೊ ನೋಡಿ ಮುಗಿಸಿದೆ. ತಲೆ ಕೆಟ್ಟುಹೋಗಿದೆ. ಜೇಮ್ಸ್ ವೆಬ್ ದೂರದರ್ಶಕದ ಮೊದಲ ಬಣ್ಣದ ಚಿತ್ರ ನೆನಪಿದೆಯಲ್ಲ, 2022ರ ಜುಲೈನಲ್ಲಿ ಬಂದದ್ದು? ಅದರ ವಿವರಣೆ. ಆರು ಮುಳ್ಳಿನ ನಕ್ಷತ್ರಗಳನ್ನು ತೋರಿಸಿ ಎಷ್ಟು ಚೆಂದ ಅಂದರು. ಪಕ್ಕದಲ್ಲೇ ಬಿಲ್ಲಿನ ಹಾಗೆ ಬಾಗಿದ ಕೆಂಪು ಗೆರೆಗಳು ಬಂದಾಗ, ಇದು ಚಿತ್ರದ ದೋಷ ಅಂತ ಹೇಳಿ ಮುಂದೆ ಹೋದರು.

ಪೂರ್ತಿ ಉಲ್ಟಾ! ಆ ಮುಳ್ಳುಗಳು ಆಕಾಶದಲ್ಲಿ ಇಲ್ಲವೇ ಇಲ್ಲ. ದೂರದರ್ಶಕದ ಕನ್ನಡಿಯ ಅಂಚು, ಅದರ ಮುಂದಿರುವ ಕಂಬಿಗಳು, ಇವುಗಳಿಂದ ಬೆಳಕು ಚದುರಿ ಮೂಡಿದವು. ಬಾಗಿದ ಗೆರೆಗಳು ಮಾತ್ರ ಆಕಾಶದಿಂದಲೇ ಬಾಗಿ ಬಂದವು. ಹಳೆಯ ಗೆಳೆಯರಿಗೆ ಗೊತ್ತು, ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ.

ಚಿತ್ರದ ನಡುವೆ ಇರುವುದು ಎಸ್‌ಮ್ಯಾಕ್ಸ್ 0723 ಅನ್ನುವ ಗ್ಯಾಲಕ್ಸಿಗಳ ಗುಂಪು. ಅದರ ಬೆಳಕು ಹೊರಟು ಸುಮಾರು 460 ಕೋಟಿ ವರ್ಷ ಆಯಿತು. ಆ ಗುಂಪಿನ ದ್ರವ್ಯರಾಶಿ ಎಷ್ಟು ಜಾಸ್ತಿ ಅಂದರೆ, ಸುತ್ತಲ ಜಾಗವೇ ಬಾಗಿದೆ. ಹಿಂದೆ ಬಹಳ ದೂರದಲ್ಲಿರುವ ಗ್ಯಾಲಕ್ಸಿಯ ಬೆಳಕು ಆ ಬಾಗಿದ ದಾರಿಯಲ್ಲೇ ಬರಬೇಕು. ಬರುವಾಗ ಹಿಗ್ಗುತ್ತದೆ, ಹೊಳಪು ಹೆಚ್ಚುತ್ತದೆ. ಕೆಲವೊಮ್ಮೆ ಒಂದೇ ಗ್ಯಾಲಕ್ಸಿ ಎರಡು ಮೂರು ಕಡೆ ಕಾಣುತ್ತದೆ. ಸೂರ್ಯ ಹೀಗೆ ಬೆಳಕನ್ನು ಬಾಗಿಸುವುದನ್ನು 1919ರ ಗ್ರಹಣದಲ್ಲೇ ಅಳೆದಿದ್ದರು. ಗ್ಯಾಲಕ್ಸಿಗಳೂ ಮಸೂರದ ಹಾಗೆ ಕೆಲಸ ಮಾಡಬಹುದು ಅಂತ ಖಗೋಳ ವಿಜ್ಞಾನಿ ಫ್ರಿಟ್ಜ್ ಜ್ವಿಕಿ 1937ರಲ್ಲಿ ಬರೆದರು. ಕಣ್ಣಿಗೆ ಬಿದ್ದದ್ದು 1979ರಲ್ಲಿ, ಒಂದೇ ಕ್ವೇಸಾರ್, ಅಂದರೆ ಬಹಳ ದೂರದ ಗ್ಯಾಲಕ್ಸಿಯ ತುಂಬ ಹೊಳೆಯುವ ನಡುಭಾಗ, ಎರಡಾಗಿ ಕಂಡಾಗ.

ಅದೇ ವೆಬ್ ಚಿತ್ರದಲ್ಲಿ ಸ್ಪಾರ್ಕ್ಲರ್ ಅನ್ನುವ ಗ್ಯಾಲಕ್ಸಿ ಇದೆ. ದೊಡ್ಡದು ಮಾಡಿ ನೋಡಿ. ಎಳೆದು ಉದ್ದವಾದ ಒಂದು ಮಸುಕು ಪಟ್ಟಿ. ಅದರ ಸುತ್ತ ಹಳದಿ, ಕೆಂಪು ಚುಕ್ಕಿಗಳು. ಅವುಗಳಲ್ಲಿ ಕೆಲವು ನಕ್ಷತ್ರಗಳ ದಟ್ಟ ಗುಚ್ಛಗಳು, ಬೆಳಕು ಹೊರಟ ಹೊತ್ತಿಗಾಗಲೇ ವಯಸ್ಸಾದವು. ಆ ಬೆಳಕು ಹೊರಟು ಸುಮಾರು 900 ಕೋಟಿ ವರ್ಷ! ನಡುವೆ ಆ ಗುಂಪು ಇರದೇ ಹೋಗಿದ್ದರೆ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುತ್ತಲೇ ಇರಲಿಲ್ಲ. ಇದನ್ನೇ ಅವರು ದೋಷ ಅಂದದ್ದು. ಇಷ್ಟು ದೂರದ ಗ್ಯಾಲಕ್ಸಿಯ ಒಳಗೆ ನಮ್ಮನ್ನು ಕರೆದುಕೊಂಡು ಹೋಗುವ ದಾರಿಯನ್ನು ದೋಷ ಅಂತಾರಲ್ಲ, ಹೇಗೆ ಸುಮ್ನೆ ಇರೋದು?

ಇನ್ನೂ ಒಂದಿದೆ. ಗೆರೆ ಎಷ್ಟು ಬಾಗಿದೆ ಅಂತ ನೋಡಿ ನಡುವೆ ಇರುವ ಗುಂಪಿನಲ್ಲಿ ಎಷ್ಟು ದ್ರವ್ಯ ಇದೆ ಅಂತ ಲೆಕ್ಕ ಹಾಕಬಹುದು. ಕಾಣುವ ನಕ್ಷತ್ರ, ಅನಿಲ ಎಲ್ಲ ಕೂಡಿಸಿದರೂ ಆ ಲೆಕ್ಕಕ್ಕೆ ಸಾಲುವುದಿಲ್ಲ. ಉಳಿದದ್ದು ಕಾಣದ ದ್ರವ್ಯ, ಡಾರ್ಕ್ ಮ್ಯಾಟರ್.

ಬಾಗಿದ ಚಿತ್ರವನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡುವುದು ಬರೀ ಊಹೆ ಅಲ್ವಾ ಅಂತ ಒಬ್ಬರು ಕೇಳಿದ್ದರು. ಹೌದು, ಒಂದೊಂದು ತಂಡದ ಲೆಕ್ಕ ಸ್ವಲ್ಪ ಆಚೆ ಈಚೆ ಆಗುತ್ತದೆ. ಆದರೆ ರೆಫ್ಸ್‌ಡಾಲ್ ಅನ್ನುವ ಸೂಪರ್‌ನೋವಾದ, ಅಂದರೆ ಸಿಡಿದ ನಕ್ಷತ್ರದ, ಕಥೆ ಕೇಳಿ. 2014ರ ನವೆಂಬರ್‌ನಲ್ಲಿ ಹಬಲ್ ದೂರದರ್ಶಕ ಒಂದೇ ಸ್ಫೋಟವನ್ನು ನಾಲ್ಕು ಕಡೆ ಕಂಡಿತು. ಬೆಳಕು ಬರುವ ದಾರಿಗಳು ಒಂದೇ ಉದ್ದ ಇರುವುದಿಲ್ಲ. ಹಾಗಾಗಿ ಇದೇ ಸ್ಫೋಟ ಇನ್ನೊಂದು ಜಾಗದಲ್ಲಿ, ತಡವಾಗಿ ಕಾಣಬೇಕು ಅಂತ ಹಲವು ತಂಡಗಳು ಮೊದಲೇ ಲೆಕ್ಕ ಹಾಕಿ ಹೇಳಿದವು. 2015ರ ಡಿಸೆಂಬರ್‌ನಲ್ಲಿ ಹೇಳಿದ ಜಾಗದಲ್ಲೇ ಕಂಡಿತು! 900 ಕೋಟಿ ವರ್ಷಕ್ಕೂ ಹಿಂದೆ ಸಿಡಿದ ನಕ್ಷತ್ರ ಮತ್ತೆ ಎಲ್ಲಿ, ಯಾವಾಗ ಕಾಣುತ್ತದೆ ಅಂತ ಮನುಷ್ಯರು ಮುಂಚೆಯೇ ಬರೆದಿಟ್ಟಿದ್ದರು. ಆ ಸುದ್ದಿ ಓದಿ ನಾನು ಅತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಊಹೆ ಅನ್ನುವವರ ಜೊತೆ ಇನ್ನು ವಾದ ಮಾಡುವುದಿಲ್ಲ.

ಗೆರೆಗಳನ್ನು ಬಿಟ್ಟು ಮುಂದೆ ಹೋಗುವವರು ಎನ್‌ಜಿಸಿ 6505 ಬಗ್ಗೆ ಓದಲಿ. 1884ರಿಂದ ನಮಗೆ ಗೊತ್ತಿರುವ ಗ್ಯಾಲಕ್ಸಿ, ಸುಮಾರು 59 ಕೋಟಿ ಜ್ಯೋತಿರ್ವರ್ಷ ದೂರ. ಅದರ ನಡುಭಾಗದ ಸುತ್ತ ಪೂರ್ತಿ ಒಂದು ಬೆಳಕಿನ ಉಂಗುರ ಇದೆ, ಹಿಂದಿನ ಗ್ಯಾಲಕ್ಸಿಯ ಬೆಳಕು. ಇಷ್ಟು ವರ್ಷ ಯಾರಿಗೂ ಕಂಡಿರಲಿಲ್ಲ. ಯೂಕ್ಲಿಡ್ ದೂರದರ್ಶಕ ಅದನ್ನು ಹಿಡಿದ ಸುದ್ದಿ 2025ರ ಫೆಬ್ರವರಿಯಲ್ಲಿ ಬಂತು. ಉಂಗುರದ ಒಳಗಿನ ದ್ರವ್ಯದಲ್ಲಿ ಸುಮಾರು 11% ಡಾರ್ಕ್ ಮ್ಯಾಟರ್ ಅಂತ ಆ ಉಂಗುರವೇ ತೋರಿಸಿಕೊಟ್ಟಿತು.