ಕಾರಿನ ಚಿಪ್ ಮೇಲೆ ತಪ್ಪು ಹೊರಿಸಬೇಡಿ

ಈಗಷ್ಟೇ ತೀರ್ಥಹಳ್ಳಿಯಿಂದ ಬಂದು ಕೂತಿದ್ದೇನೆ. ಕೋಪ ಇನ್ನೂ ಇಳಿದಿಲ್ಲ.

ಬೆಳಗ್ಗೆ ಭಾವನ ಹೊಸ ಕಾರನ್ನು ಅಂಗಳದಿಂದ ಹೊರಗೆ ತೆಗೆಯಲು ಹೊರಟಿದ್ದೆ. ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದೆ. ಅಷ್ಟಗಲದ ಸ್ಕ್ರೀನ್ ಮೇಲೆ ಕಂಪನಿಯ ಲೋಗೋ ಹೊಳೆಯುತ್ತಿತ್ತು. ಕ್ಯಾಮೆರಾ ಚಿತ್ರ ಬರಲಿಲ್ಲ. ಕನ್ನಡಿಯಲ್ಲಿ ಯಾರೂ ಕಾಣಲಿಲ್ಲ, ನಿಧಾನಕ್ಕೆ ಹಿಂದೆ ಬಿಟ್ಟೆ. ಪಾರ್ಕಿಂಗ್ ಸೆನ್ಸರ್ ಕೂಗಿತು. ಬ್ರೇಕ್ ಒತ್ತಿ ಇಳಿದು ನೋಡಿದರೆ ಬಂಪರ್ ಹಿಂದೆ ಅಕ್ಕನ ಮಗಳು ಕುಕ್ಕರಗಾಲಲ್ಲಿ ಕೂತು ಬಿದ್ದ ಅಡಿಕೆ ಆರಿಸುತ್ತಿದ್ದಾಳೆ. ನಾಲ್ಕು ವರ್ಷದ ಮಗು. ಅವಳನ್ನು ಎತ್ತಿಕೊಂಡು ಅಕ್ಕನ ಕೈಗೆ ಕೊಟ್ಟು ವಾಪಸ್ ಬಂದೆ. ಅಷ್ಟೊತ್ತಿಗೆ ಸ್ಕ್ರೀನಲ್ಲಿ ಅಂಗಳ ಚೊಕ್ಕವಾಗಿ ಕಾಣುತ್ತಿತ್ತು.

"ನಮ್ಮದು ಕಡಿಮೆ ರೇಟಿನ ಮಾಡೆಲ್ ಅಲ್ವಾ, ಪ್ರೊಸೆಸರ್ ಅಗ್ಗದ್ದು ಹಾಕಿರ್ತಾರೆ" ಅಂದರು ಭಾವ. ಶೋರೂಮಿನವರೂ ಅವರಿಗೆ ಇದನ್ನೇ ಹೇಳಿದ್ದರಂತೆ.

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಾರಿನ ಸ್ಕ್ರೀನ್ ತಯಾರಿಯ ಕೆಲಸದಲ್ಲಿ ನಾನು ಹನ್ನೊಂದು ವರ್ಷ ಕಳೆದವನು. ಆ ಅನುಭವದ ಮೇಲೆ ಹೇಳುತ್ತಿದ್ದೇನೆ. ರಿವರ್ಸ್ ಕ್ಯಾಮೆರಾ ತೋರಿಸುವುದಕ್ಕೆ ದುಬಾರಿ ಪ್ರೊಸೆಸರ್, ಅಂದರೆ ಸ್ಕ್ರೀನ್ ನಡೆಸುವ ಮುಖ್ಯ ಚಿಪ್, ಬೇಕಾಗಿಲ್ಲ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜಸಿಂಟೊ 6 ನೋಡಿ. ಕಾರಿನ ಸ್ಕ್ರೀನ್ ನಡೆಸುವುದಕ್ಕೇ ಮಾಡಿದ, ಹತ್ತು ವರ್ಷಕ್ಕೂ ಹಳೆಯ ಚಿಪ್. ಚಿಪ್ ಒಳಗೆ ಲೆಕ್ಕ ಮಾಡುವ ಭಾಗಕ್ಕೆ ಕೋರ್ ಅನ್ನುತ್ತಾರೆ. ಇದರಲ್ಲಿ ದೊಡ್ಡ ಕೆಲಸಕ್ಕೆ ಕಾರ್ಟೆಕ್ಸ್ ಎ15 ಕೋರ್‌ಗಳಿವೆ, ಪಕ್ಕದಲ್ಲೇ ಪುಟ್ಟ ಎಂ4 ಕೋರ್‌ಗಳಿವೆ. ಎನ್‌ಎಕ್ಸ್‌ಪಿಯ ಐ.ಎಂಎಕ್ಸ್ 8 ಸಾಲಿನ ಚಿಪ್‌ಗಳಲ್ಲೂ ಹೀಗೇ. ದೊಡ್ಡ ಕೋರ್ ಮೇಲೆ ಸ್ಕ್ರೀನ್ ನಡೆಸುವ ಆಂಡ್ರಾಯ್ಡ್ ಪೂರ್ತಿ ಏಳುವುದಕ್ಕೆ ಹೊತ್ತು ಬೇಕು. ಎಂ4ಗೆ ಅಷ್ಟು ಹೊತ್ತು ಬೇಡ. ಮನೆಯವರೆಲ್ಲ ಏಳುವ ಮೊದಲೇ ಅಜ್ಜಿ ಎದ್ದು ಅಂಗಳ ಗುಡಿಸಿ ಮುಗಿಸುತ್ತಿದ್ದ ಹಾಗೆ, ಅದು ಮೊದಲು ಎದ್ದು ಕ್ಯಾಮೆರಾ ಚಿತ್ರವನ್ನು ನೇರ ಸ್ಕ್ರೀನ್‌ಗೆ ಕೊಡಬಲ್ಲದು. ಇದಕ್ಕೆ ಬೇಕಾದ್ದು ಕೂತು ಪ್ರೋಗ್ರಾಂ ಬರೆಯುವ ಜನ, ಪರೀಕ್ಷೆ ಮಾಡುವ ಕೆಲವು ತಿಂಗಳು. ಕಾರು ಬಿಡುಗಡೆಯ ತಾರೀಕು ಹತ್ತಿರ ಬಂದಾಗ ಮೊದಲು ಕತ್ತರಿ ಬೀಳುವುದೇ ಆ ತಿಂಗಳುಗಳಿಗೆ.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅಂಥ ಒಂದು ಮೀಟಿಂಗಿನಲ್ಲಿ ನಾನೂ ಇದ್ದೆ. ರ‍್ಯಾಮ್ ಮೆಮೊರಿ ಅರ್ಧಕ್ಕೆ ಇಳಿಸೋಣ, ಬೇಗ ಕ್ಯಾಮೆರಾ ತೋರಿಸುವ ಕೆಲಸವನ್ನು ಮುಂದಿನ ಅಪ್‌ಡೇಟ್‌ಗೆ ಬಿಡೋಣ ಅಂತ ತೀರ್ಮಾನವಾಯಿತು. ಅದೇ ಮೀಟಿಂಗಿನಲ್ಲಿ ಸ್ಕ್ರೀನ್ ದೊಡ್ಡದು ಮಾಡುವುದಕ್ಕೂ ಒಪ್ಪಿಗೆ ಸಿಕ್ಕಿತು. ನಾನು ಬಾಯಿ ಬಿಡಲಿಲ್ಲ. ಇವತ್ತು ಆ ಮಗುವನ್ನು ಎತ್ತಿಕೊಂಡಾಗ ನೆನಪಾದದ್ದು ಅದೇ.

ಸ್ಕ್ರೀನ್ ದೊಡ್ಡದಾದರೆ ಏನಾಗುತ್ತದೆ ಗೊತ್ತಾ? ಹಳೆಯ 800×480 ಸ್ಕ್ರೀನಲ್ಲಿ 3,84,000 ಚುಕ್ಕಿ. 1920×720 ಆದರೆ 13,82,400. ಮೂರೂವರೆ ಪಟ್ಟಿಗೂ ಜಾಸ್ತಿ. ಅದೇ ಚಿಪ್ ಅಷ್ಟನ್ನೂ ಸೆಕೆಂಡಿಗೆ ಹತ್ತಾರು ಸಲ ಬಿಡಿಸಬೇಕು. ಮೇಲೆ ನೆರಳು, ಜಾರುವ ಮೆನು, ಬಣ್ಣದ ಅಲೆ. ಶೋರೂಮಿನಲ್ಲಿ ಕಣ್ಣಿಗೆ ಬೀಳುವುದು ಸ್ಕ್ರೀನಿನ ಅಳತೆ, ಹಾಗಾಗಿ ದುಡ್ಡು ಅಲ್ಲಿಗೇ ಹೋಗುತ್ತದೆ. ಒಳಗೆ ಯಾವ ಪ್ರೊಸೆಸರ್, ಎಷ್ಟು ಮೆಮೊರಿ ಅಂತ ಎಷ್ಟು ಬ್ರೋಷರ್‌ಗಳಲ್ಲಿ ನೋಡಿದ್ದೀರಿ?

ಬೆಲೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಟೆಸ್ಲಾ ಕಥೆ ಕೇಳಿ. ಹಳೆಯ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳಲ್ಲಿ ಎನ್‌ವಿಡಿಯಾದ ಟೆಗ್ರಾ 3 ಪ್ರೊಸೆಸರ್ ಇತ್ತು, ಜೊತೆಗೆ 8 ಜಿಬಿ ಫ್ಲ್ಯಾಶ್ ಮೆಮೊರಿ. ಫ್ಲ್ಯಾಶ್ ಮೇಲೆ ಇಷ್ಟೇ ಸಲ ಬರೆದು ಅಳಿಸಬಹುದು ಅಂತ ಮಿತಿ ಇರುತ್ತದೆ. ಬಳಸುತ್ತಾ ಬಳಸುತ್ತಾ ಅದು ಸವೆದು ಸ್ಕ್ರೀನ್ ಸತ್ತುಹೋಗುತ್ತಿತ್ತು, ಅದರ ಜೊತೆ ಹಿಂಬದಿ ಕ್ಯಾಮೆರಾನೂ. 2021ರಲ್ಲಿ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಅಷ್ಟು ದುಬಾರಿ ಕಾರಿನ ಕತೆಯೇ ಇದು.

ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯ. ರಿವರ್ಸ್ ಹಾಕಿದ 2 ಸೆಕೆಂಡಿನೊಳಗೆ ಚಿತ್ರ ಬರಬೇಕು ಅಂತಲೂ ನಿಯಮವಿದೆ. ನಮ್ಮಲ್ಲಿ 2019ರ ಜುಲೈನಿಂದ ಪಾರ್ಕಿಂಗ್ ಸೆನ್ಸರ್ ಕಡ್ಡಾಯ ಮಾಡಿದರು. ಇವತ್ತು ನಮ್ಮನ್ನು ಕಾಪಾಡಿದ್ದು ಅದೇ. ಭಾವನ ಕಾರಿನ ಎಲೆಕ್ಟ್ರಾನಿಕ್ಸ್‌ನಲ್ಲೆಲ್ಲ ಬಹುಶಃ ಅತಿ ಕಡಿಮೆ ಬೆಲೆಯದ್ದು ಆ ಸೆನ್ಸರಿನ ಚಿಪ್ಪೇ ಇರಬೇಕು. ಅದಕ್ಕೆ ಒಂದೇ ಕೆಲಸ ಕೊಟ್ಟಿದ್ದರು, ಅದನ್ನು ಹೊತ್ತಿಗೆ ಸರಿಯಾಗಿ ಮಾಡಿತು.

ಬೆಂಗಳೂರಿನಲ್ಲಿ ಕಾರಿನ ಸಾಮಾನು ಸಿಗುವ ಜೆ.ಸಿ. ರೋಡಿಗೆ ಹೋಗಿ ಬೇರೆ ಸ್ಕ್ರೀನ್ ಹಾಕಿಸಿಕೊಳ್ಳಿ ಅಂತ ಕೆಲವರು ಹೇಳುತ್ತೀರಿ. ಅಲ್ಲಿ ಸಿಗುವ ಆಂಡ್ರಾಯ್ಡ್ ಸ್ಕ್ರೀನ್‌ಗಳಲ್ಲಿ ಎಷ್ಟೋ ಫೋನು, ಟ್ಯಾಬ್ಲೆಟ್ಟಿಗೆ ಮಾಡಿದ ಪ್ರೊಸೆಸರ್ ಮೇಲೆ ನಡೆಯುವಂಥವು. ವೇಗ ಇರಬಹುದು. ಆದರೆ ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿ. ವಾಹನದ ಚಿಪ್‌ಗಳಿಗೆ ಎಇಸಿ-ಕ್ಯೂ100 ಅಂತ ಪರೀಕ್ಷೆ ಇದೆ. ಅದರ ಗ್ರೇಡ್ 2 ಅಂದರೆ ಮೈನಸ್ 40ರಿಂದ 105 ಡಿಗ್ರಿವರೆಗೆ ತಡೆಯಬೇಕು. ಅದನ್ನು ಸುಮ್ನೆ ಇಟ್ಟಿಲ್ಲ. ಅಷ್ಟಕ್ಕೂ ಲಕ್ಷಗಟ್ಟಲೆ ಕೊಟ್ಟು ಹೊಸ ಕಾರು ತಂದವರು ಜೆ.ಸಿ. ರೋಡಿಗೆ ಯಾಕೆ ಹೋಗಬೇಕು?

ಹಾಡಿಗೆ, ಮ್ಯಾಪ್‌ಗೆ ಹೆಚ್ಚಿನವರು ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಬಳಸುತ್ತೇವೆ. ಅಲ್ಲಿ ತಲೆ ಓಡಿಸುವುದು ನಮ್ಮ ಜೇಬಿನ ಫೋನು. ಕಾರಿನ ಚಿಪ್ ಫೋನ್ ಕಳಿಸಿದ ವಿಡಿಯೋ ಬಿಡಿಸಿ ತೋರಿಸಿ, ನಮ್ಮ ಬೆರಳು ಮುಟ್ಟಿದ್ದನ್ನು ವಾಪಸ್ ಹೇಳಿದರೆ ಮುಗಿಯಿತು. ಇಷ್ಟಕ್ಕೆ ಅಗ್ಗದ ಪ್ರೊಸೆಸರ್ ಧಾರಾಳ ಸಾಕು. ಉಳಿದ ಶಕ್ತಿಯನ್ನು ಕ್ಯಾಮೆರಾಗೆ ಕೊಡಿ ಅಂತ ಅಷ್ಟೇ ನಾನು ಕೇಳುತ್ತಿರುವುದು.

ಮುಂದಿನ ಭಾನುವಾರ ಚಿಕ್ಕಪ್ಪನ ಮಗನ ಜೊತೆ ಕಾರು ನೋಡಲು ಹೋಗುತ್ತಿದ್ದೇನೆ. ರಾತ್ರಿಯಿಡೀ ನಿಂತ ಕಾರನ್ನೇ ಕೊಡಿ, ನಾವು ಬರುವ ಮೊದಲು ಯಾರೂ ಸ್ಟಾರ್ಟ್ ಮಾಡಬೇಡಿ ಅಂತ ಈಗಲೇ ಫೋನ್ ಮಾಡಿ ಹೇಳಿದ್ದೇನೆ. ಸ್ಟಾರ್ಟ್ ಮಾಡಿದ ತಕ್ಷಣ ರಿವರ್ಸ್ ಹಾಕಿ, ಅವನ ಕೈಯಲ್ಲೇ ಸೆಕೆಂಡ್ ಲೆಕ್ಕ ಹಾಕಿಸುತ್ತೇನೆ.